ಕೆಂಪು ಕಂಡು ಬೆವರಬೇಡಿ

ಸೋತರೆ ಎದುರಿನವನ ರಬ್ಬರ್ ಕಾರಣ, ಗೆದ್ದರೆ ತಮ್ಮ ಕೈಚಳಕ ಕಾರಣ ಎಂದು ನಂಬಿ ನಡೆಯುವ ಪಂಥವೊಂದು ನಮ್ಮ ಕಡೆ ಇದೆ. ಹಾವೇರಿಯಲ್ಲಿ ಈ ಪಂಥದ ಹಿರಿಯರಿದ್ದಾರೆ, ರಾಣೆಬೆನ್ನೂರಿನಲ್ಲಿ ಸಾಹುಕಾರರಿದ್ದಾರೆ, ಬ್ಯಾಡಗಿಯಲ್ಲಂತೂ ಪೀಠಾಧಿಪತಿಗಳೇ ಇದ್ದಾರೆ. ಸಂಜೆ ಟ್ಯೂಬ್‌ಲೈಟು ಹತ್ತಿದ ಮೇಲೆ ಟೇಬಲ್ ಟೆನಿಸ್ ಮೇಜಿನ ಸುತ್ತ ಸೇರುತ್ತಾರೆ. ಆಡುವುದು ಸ್ವಲ್ಪ. ಒಬ್ಬರ ಬ್ಯಾಟನ್ನು ಇನ್ನೊಬ್ಬರು ಕಸಿದುಕೊಂಡು, ಹೆಬ್ಬೆರಳಿನಿಂದ ತಿಕ್ಕಿ, ಬೆಳಕಿಗೆ ಹಿಡಿದು, ಕೊನೆಗೆ ಮೂಸಿ ನೋಡುವುದೇ ಜಾಸ್ತಿ. ಮೂಸುವುದು ಯಾಕೆ ಎಂದು ಹೊಸಬರು ಕೇಳಬಹುದು. ಮೆಣಸಿನಕಾಯಿ ಪೇಟೆಯ ಮಂದಿ ಸ್ವಾಮಿ. ಯಾವ ಸರಕು ಕೈಗೆ ಬಂದರೂ ಮೊದಲು ಮೂಗಿಗೆ ತೋರಿಸುವುದು ರೂಢಿ.

ಈ ಪಂಥಕ್ಕೆ ದೀಕ್ಷೆ ಪಡೆಯುವವರ ವಯಸ್ಸು ಬಹುಮಟ್ಟಿಗೆ ನಲವತ್ತರ ಆಚೆ. ಅಲ್ಲಿಯವರೆಗೆ ಸಿಕ್ಕ ಚೆಂಡನ್ನೆಲ್ಲ ಬಾರಿಸಿ, ಅರ್ಧದಷ್ಟನ್ನು ಗೋಡೆಗೆ ಒಪ್ಪಿಸಿ, ಸುಖವಾಗಿದ್ದವರು. ಒಂದು ದಿನ ಮಂಡಿ ಮಾತಾಡಲು ಶುರು ಮಾಡುತ್ತದೆ. ಅವತ್ತೇ ಘೋಷಣೆ: “ಇನ್ನ ಮ್ಯಾಲೆ ನಾ ಡಿಫೆನ್ಸ್ ಆಡ್ತೀನ್ರಿ.” ನಿಂತಲ್ಲೇ ನಿಂತು ಬ್ಯಾಟು ಅಡ್ಡ ಹಿಡಿದರೆ ಡಿಫೆನ್ಸ್ ಆಯಿತೆಂದು ಅವರ ಲೆಕ್ಕ. ಈ ಆಟದಲ್ಲಿ ಡಿಫೆನ್ಸಿಗೆ ಬೇಕಾದಷ್ಟು ಕಾಲು ಇನ್ಯಾವ ಶೈಲಿಗೂ ಬೇಡ, ಮೇಜಿನಿಂದ ಮೂರು ಮೀಟರ್ ಹಿಂದೆ ನಿಂತವನು ಎಡಕ್ಕೂ ಬಲಕ್ಕೂ ಮುಂದಕ್ಕೂ ಓಡಿ ಸಾಯಬೇಕು ಎಂಬ ಸತ್ಯವನ್ನು ಯಾರೂ ಅವರಿಗೆ ಹೇಳುವುದಿಲ್ಲ. ಹೇಳಿದರೆ ಕ್ಲಬ್ಬಿಗೆ ಒಂದು ಚಂದಾ ಕಡಿಮೆ. ಹೀಗೆ ಕಾಲು ಕೈಕೊಟ್ಟವರೆಲ್ಲ ರಬ್ಬರಾದರೂ ಕೈಹಿಡಿದೀತೆಂದು ಮೊಬೈಲು ತೆರೆದು ಕೂರುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಡಿಫೆಂಡರ್ ಆಗುವುದೆಂದರೆ ಮರ್ಯಾದೆಯ ಪ್ರಶ್ನೆಯೂ ಹೌದು. ದೀಪಾವಳಿ ಆದ ಮೇಲೆ ಕೊಬ್ಬರಿ ಹೋರಿ ಓಡಿಸುವ ನಾಡು ಇದು. ಮೈತುಂಬ ಕೊಬ್ಬರಿ ಸರ, ಕೊಂಬಿಗೆ ಬಲೂನು ಕಟ್ಟಿಸಿಕೊಂಡು, ಇಕ್ಕೆಲದ ಜನರ ನಡುವೆ ನುಗ್ಗಿ, ಯಾರ ಕೈಗೂ ಸಿಗದೆ ಹೋದ ಹೋರಿಗೆ ಜೈಕಾರ. ಅಂಥಲ್ಲಿ ಮೇಜು ಬಿಟ್ಟು ಹಿಂದಕ್ಕೆ ಹಿಂದಕ್ಕೆ ಸರಿಯುವ ಆಟಗಾರನನ್ನು ಕಂಡರೆ ಬಾಗಿಲ ಹತ್ತಿರ ಕೂತವರು ಸುಮ್ಮನಿರುತ್ತಾರೆಯೇ? “ಯಾಕ್ರೀ ಸಾಹೇಬ್ರ, ಮನಿಗೆ ಹೊಂಟ್ರೇನು? ಚಪ್ಪಲಿ ಇಲ್ಲೇ ಅದಾವ ನೋಡ್ರಿ!”

ಹಳೇ ಕಾಲದ ಡಿಫೆನ್ಸಿಗೆ ಈ ಲೇವಡಿ ಸಲ್ಲುತ್ತದೆ ಬಿಡಿ. 1936ರಲ್ಲಿ ಪ್ರಾಗ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪೋಲೆಂಡಿನ ಎರ್ಲಿಖ್ ಮತ್ತು ರುಮೇನಿಯದ ಪಾನೆತ್ ಎಂಬಿಬ್ಬರು ಮಹಾತ್ಮರು ಒಂದೇ ಒಂದು ಪಾಯಿಂಟಿಗಾಗಿ ಎರಡು ತಾಸಿಗೂ ಮಿಕ್ಕಿ ಚೆಂಡು ದಾಟಿಸಿದರು. ಇಬ್ಬರಿಗೂ ತಪ್ಪು ಮಾಡುವ ಮನಸ್ಸಿಲ್ಲ, ಹೊಡೆಯುವ ಮನಸ್ಸೂ ಇಲ್ಲ. ಆಮೇಲೆ ನೆಟ್ಟಿನ ಎತ್ತರ ಇಳಿಯಿತು, ಕಾಲಮಿತಿ ಬಂತು. ಈಗ ಒಂದು ಗೇಮ್ ಹತ್ತು ನಿಮಿಷ ಎಳೆದು, ಅಷ್ಟರಲ್ಲಿ ಇಬ್ಬರೂ ಸೇರಿ 18 ಪಾಯಿಂಟ್ ಮಾಡಿರದಿದ್ದರೆ ಬೇರೆ ಕಾನೂನು ಜಾರಿಯಾಗುತ್ತದೆ: ಸರ್ವ್ ಪಡೆದವನು 13 ಸಲ ಚೆಂಡನ್ನು ಸರಿಯಾಗಿ ಮರಳಿಸಿದರೆ ಪಾಯಿಂಟು ಅವನದೇ. ಅಂದರೆ ಸರ್ವ್ ಮಾಡಿದವನು ಹೊಡೆಯಲೇಬೇಕು. ಬರೀ ದಾಟಿಸುತ್ತ ಕೂತವನಿಗೆ ಅನ್ನ ಸಿಗುವ ಕಾಲ ಅಲ್ಲಿಗೆ ಮುಗಿಯಿತು.

ಇವತ್ತಿನ ಡಿಫೆಂಡರ್‌ಗೆ ಮಾದರಿ ಬೇಕಾದರೆ ಕೊರಿಯಾದ ಜೂ ಸೆ-ಹ್ಯೂಕ್‌ನನ್ನು ನೋಡಿ. 2003ರಲ್ಲಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಶಿಪ್‌ಗೆ ಬಂದ. ಬ್ಯಾಕ್‌ಹ್ಯಾಂಡಿನಲ್ಲಿ ನೆಲದ ಹತ್ತಿರದಿಂದ ಚಾಪ್ ಮಾಡಿ ಮಾಡಿ ಎದುರಾಳಿಯನ್ನು ಸುಸ್ತು ಮಾಡುವುದು, ಚೆಂಡು ತುಸು ಮೇಲೆದ್ದು ಬಂದದ್ದೇ ತಡ ಫೋರ್‌ಹ್ಯಾಂಡಿನಲ್ಲಿ ಟಾಪ್‌ಸ್ಪಿನ್ ಬಾರಿಸುವುದು. ಚೀನಾದ ಮಾ ಲಿನ್‌ನಂಥವನನ್ನೂ ಮನೆಗೆ ಕಳಿಸಿ ಫೈನಲ್‌ವರೆಗೆ ನಡೆದ. ಅಲ್ಲಿ ಆಸ್ಟ್ರಿಯದ ಶ್ಲಾಗರ್‌ಗೆ ಸೋತ. ಅದಕ್ಕೂ ಮುಂಚೆ, 1995ರಲ್ಲಿ ತಿಯಾನ್‌ಜಿನ್‌ನಲ್ಲಿ ಚೀನಾ ಸ್ವೀಡನ್ನರಿಂದ ತಂಡ ಪ್ರಶಸ್ತಿ ಕಿತ್ತುಕೊಂಡಾಗ ಡಿಂಗ್ ಸೋಂಗ್ ಎಂಬ ಡಿಫೆಂಡರ್ ಆಡಿದ್ದೂ ಇದೇ ರೀತಿ. ಮಾಡರ್ನ್ ಡಿಫೆನ್ಸ್ ಅಂದರೆ ಇದು. ಅರ್ಧ ತಡೆ, ಅರ್ಧ ಹೊಡೆತ. ಅದಕ್ಕೇ ಬ್ಯಾಟಿನ ಎರಡು ಮುಖಕ್ಕೆ ಎರಡು ಥರದ ರಬ್ಬರ್. ಫೋರ್‌ಹ್ಯಾಂಡಿಗೆ ಎಲ್ಲರ ಬ್ಯಾಟಿನಲ್ಲೂ ಇರುವ ನಯವಾದದ್ದು, ಬ್ಯಾಕ್‌ಹ್ಯಾಂಡಿಗೆ ಮುಳ್ಳು ಹೊರಗಿರುವ ಲಾಂಗ್ ಪಿಂಪಲ್ಸ್.

ಈ ಲಾಂಗ್ ಪಿಂಪಲ್ಸ್ ಎಂಬ ಮಾಯೆಯನ್ನು ಬೆಂಗಳೂರಿನ ಕೋಚುಗಳು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ವಿವರಿಸುತ್ತಾರೆ. ನಮ್ಮ ಬ್ಯಾಡಗಿಯ ಪೀಠಾಧಿಪತಿಗಳು ಜೇಬಿನಿಂದ ಒಂದು ಮೆಣಸಿನಕಾಯಿ ತೆಗೆದು ಮೇಜಿನ ಮೇಲಿಟ್ಟು ವಿವರಿಸುತ್ತಾರೆ. ಅವರು ವೃತ್ತಿಯಲ್ಲಿ ಮೆಣಸಿನಕಾಯಿ ದಲಾಲರು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ನೋಡಿ: ಕಡುಕೆಂಪು, ಮೈತುಂಬ ಸುಕ್ಕು. ಗೊತ್ತಿಲ್ಲದವನು ತಿನ್ನುವ ಮೊದಲೇ ಬೆವರುತ್ತಾನೆ. ಬಾಯಿಗಿಟ್ಟರೆ ಖಾರ ಅಷ್ಟಕ್ಕಷ್ಟೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಪಟ್ಟ ಬಂತು. ಇದರಿಂದ ತೆಗೆದ ಬಣ್ಣ ಅಡುಗೆಗೂ ಹೋಗುತ್ತದೆ, ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಖಾರ ಬೇಕಾದವರು ಗುಂಟೂರಿನ ಕಡೆ ಮುಖ ಮಾಡಬೇಕು. “ನಿಮ್ಮ ಮುಳ್ಳಿನ ರಬ್ಬರೂ ಹಿಂಗ ನೋಡ್ರಿ. ನೋಡಾಕ ಭಾಳ ಖಾರ. ಒಳಗ ಸ್ವಂತದ್ದು ಏನೂ ಇಲ್ಲ. ಎದುರಿನಂವ ತಂದ ಖಾರಾನ ಅಂವನ ಎಲಿಗೇ ಬಡಸ್ತೈತಿ.”

ದಲಾಲರ ಮಾತಿನಲ್ಲಿ ಭೌತಶಾಸ್ತ್ರ ಅಚ್ಚುಕಟ್ಟಾಗಿದೆ. ನೀವು ಜೋರಾಗಿ ಟಾಪ್‌ಸ್ಪಿನ್ ಹೊಡೆದಿರಿ ಎನ್ನಿ. ಚೆಂಡು ಮುಂದಕ್ಕೆ ತಿರುಗುತ್ತ ಹೋಗುತ್ತದೆ. ಎದುರಿಗೆ ನಯವಾದ, ಹಿಡಿತದ ರಬ್ಬರ್ ಇದ್ದರೆ ಅದು ಚೆಂಡನ್ನು ಕಚ್ಚಿ ಹಿಡಿದು ತಿರುಗುವ ದಿಕ್ಕನ್ನೇ ಬದಲಿಸುತ್ತದೆ. ಲಾಂಗ್ ಪಿಂಪಲ್ಸ್ ಆದರೆ ಮುಳ್ಳುಗಳು ಬಾಗುತ್ತವೆ, ಚೆಂಡು ಜಾರುತ್ತದೆ, ಅದರ ತಿರುಗಾಟ ನಿಲ್ಲುವುದೇ ಇಲ್ಲ. ಪಯಣದ ದಿಕ್ಕು ಮಾತ್ರ ಬದಲಾಯಿತು, ಸುತ್ತುವ ದಿಕ್ಕು ಹಾಗೇ ಉಳಿಯಿತು. ನಿಮ್ಮ ಕಡೆ ಬರುವಾಗ ಅದು ಬ್ಯಾಕ್‌ಸ್ಪಿನ್. ನೀವು ಹೆಚ್ಚು ಸುತ್ತಿ ಹೊಡೆದಷ್ಟೂ ಹೆಚ್ಚು ಬ್ಯಾಕ್‌ಸ್ಪಿನ್ ವಾಪಸು. ಮುಂದಿನ ಹೊಡೆತ ನೇರ ನೆಟ್ಟಿಗೆ. ಹೆದರಿ ನೀವೇ ಬ್ಯಾಕ್‌ಸ್ಪಿನ್ ಹಾಕಿ ಪುಷ್ ಮಾಡಿದಿರೋ, ಅದು ಸತ್ತ ಚೆಂಡಾಗಿ ಇಲ್ಲವೇ ತೆಳು ಟಾಪ್‌ಸ್ಪಿನ್ ಆಗಿ ಬರುತ್ತದೆ. ಡಿಫೆಂಡರ್ ಕೈ ಬೀಸಿದ್ದು ಚಾಪಿನ ಧಾಟಿಯಲ್ಲಿ, ಚೆಂಡಿನಲ್ಲಿ ಚಾಪೇ ಇಲ್ಲ. ನೀವು ಎತ್ತಿ ಆಡುತ್ತೀರಿ, ಚೆಂಡು ಫ್ಯಾನಿಗೆ ಹೋಗುತ್ತದೆ, ಬಾಗಿಲ ಹತ್ತಿರ ಕೂತವರು ಸಿಳ್ಳೆ ಹಾಕುತ್ತಾರೆ.

ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಥರ. ಡಬ್ಬಿ ಗಿಡ್ಡ, ದುಂಡು. ಕಡ್ಡಿ ಉದ್ದ, ಸಪೂರ. ರಬ್ಬರ್ ಕೇಳಿಕೊಂಡು ಬಂದ ಹೊಸಬರಿಗೆ ನಮ್ಮ ದಲಾಲರು ಹಾಕುವ ಮೊದಲ ಪ್ರಶ್ನೆ: “ಡಬ್ಬಿ ಬೇಕೋ, ಕಡ್ಡಿ ಬೇಕೋ?” ಡಬ್ಬಿಯೆಂದರೆ ಶಾರ್ಟ್ ಪಿಂಪಲ್ಸ್: ಗಿಡ್ಡ ಗಟ್ಟಿ ಮುಳ್ಳು, ಮೇಜಿನ ಹತ್ತಿರ ನಿಂತು ಚಪ್ಪಟೆಯಾಗಿ ಬಡಿಯುವವರಿಗೆ. ಕಡ್ಡಿಯೆಂದರೆ ಲಾಂಗ್ ಪಿಂಪಲ್ಸ್, ನಮ್ಮ ಡಿಫೆಂಡರ್ ಸಾಹೇಬರಿಗೆ. ಕಡ್ಡಿ ಎಷ್ಟು ಸಪೂರ ಇರಬಹುದು ಎಂಬುದಕ್ಕೂ ಕಾನೂನು ಇದೆ: ಮುಳ್ಳಿನ ಎತ್ತರ ಅದರ ಅಡ್ಡಳತೆಯ 1.1 ಪಟ್ಟು ಮೀರಬಾರದು, 1999ರಿಂದ. ಒಂದು ಚದರ ಸೆಂಟಿಮೀಟರಿನಲ್ಲಿ 10ಕ್ಕಿಂತ ಕಡಿಮೆ, 30ಕ್ಕಿಂತ ಹೆಚ್ಚು ಮುಳ್ಳು ಇರುವಂತಿಲ್ಲ. ಘರ್ಷಣೆಯೇ ಇಲ್ಲದ ಜಾರು ಮುಳ್ಳಿನ ರಬ್ಬರುಗಳನ್ನು 2008ರಲ್ಲಿ ನಿಷೇಧಿಸಿದರು. ಹಳೇ ಸ್ಟಾಕು ಯಾರಾದರೂ ಕಡಿಮೆ ದರಕ್ಕೆ ಗಂಟು ಹಾಕಲು ಬಂದರೆ ಹುಷಾರು.

ರಬ್ಬರ್ ಬದಲಿಸಿ ಜಗತ್ತನ್ನೇ ಗೆದ್ದ ಕತೆ ಹುಡುಕಿಕೊಂಡು ಚೀನಾಕ್ಕೆ ಹೋಗಬೇಕಾಗಿಲ್ಲ. 1952ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಮೊದಲ ಸಲ ಏಷ್ಯಾಕ್ಕೆ ಬಂದದ್ದು ಮುಂಬಯಿಗೆ. ಆಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಧಾರವಾಡ ಜಿಲ್ಲೆಯಲ್ಲಿ, ಧಾರವಾಡ ಮುಂಬಯಿ ರಾಜ್ಯದಲ್ಲಿ. ಅಂದರೆ ನಮ್ಮದೇ ರಾಜಧಾನಿ! ಅಲ್ಲಿಗೆ ಜಪಾನಿನಿಂದ ಹಿರೋಜಿ ಸಾತೊ ಎಂಬ ಕನ್ನಡಕದ ಆಸಾಮಿ ದಪ್ಪ ಸ್ಪಾಂಜ್ ಅಂಟಿಸಿದ ಬ್ಯಾಟು ಹಿಡಿದು ಬಂದ. ಗಟ್ಟಿ ರಬ್ಬರಿನ ಟಕ್ ಟಕ್ ಸದ್ದಿಗೆ ಕಿವಿಗೊಟ್ಟು ಆಡುತ್ತಿದ್ದ ಯುರೋಪಿನ ಘಟಾನುಘಟಿಗಳಿಗೆ ಸದ್ದೇ ಇಲ್ಲದೆ ಬರುವ ಚೆಂಡು ಅರ್ಥವಾಗಲೇ ಇಲ್ಲ. ಸಿಂಗಲ್ಸ್ ಪ್ರಶಸ್ತಿ ಜಪಾನಿಗೆ ಹೋಯಿತು. ಏಳು ವರ್ಷ ಜಗಳವಾಡಿ 1959ರಲ್ಲಿ ಕಾನೂನು ಮಾಡಿದರು: ಬರೀ ಸ್ಪಾಂಜ್ ನಡೆಯದು, ಸ್ಪಾಂಜ್ ಮತ್ತು ರಬ್ಬರ್ ಸೇರಿದ್ದು ಅಂಟಿನ ಸಮೇತ 4 ಮಿಲಿಮೀಟರ್ ಮೀರಬಾರದು, ಸ್ಪಾಂಜ್ ಇಲ್ಲದ ಮುಳ್ಳಿನ ರಬ್ಬರ್ 2 ಮಿಲಿಮೀಟರ್ ಮೀರಬಾರದು. ಇವತ್ತಿಗೂ ಅದೇ ಅಳತೆ. ನಮ್ಮ ಪಂಥದವರಿಗೆ ಈ ಸಾತೊ ಆದಿಗುರು. ಆದರೆ ಒಂದು ವಿಷಯವನ್ನು ಅವರು ಪ್ರವಚನದಲ್ಲಿ ಬಿಟ್ಟುಬಿಡುತ್ತಾರೆ: ಮರುವರ್ಷದಿಂದಲೇ ಜಗತ್ತು ಸ್ಪಾಂಜನ್ನು ಓದಿಕೊಂಡಿತು, ಸಾತೊ ಮತ್ತೆ ಚಾಂಪಿಯನ್ ಆಗಲಿಲ್ಲ.

ಸರಿ, ಖರೀದಿಗೆ ಹೊರಡೋಣ. ನಮ್ಮ ಮೂರೂ ಊರುಗಳ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಸಿಗುವುದು ರೆಡಿಮೇಡ್ ಬ್ಯಾಟು, ಎರಡೂ ಕಡೆ ನಯವಾದ ರಬ್ಬರು, ಮೇಲೊಂದು ಜಿಪ್ ಕವರು. “ಲಾಂಗ್ ಪಿಂಪಲ್ಸ್ ಐತೇನ್ರಿ?” ಎಂದು ಕೇಳಿದರೆ ಹುಡುಗ ನಿಮ್ಮ ಮುಖವನ್ನೇ ಪರೀಕ್ಷಿಸಿ, “ಮೆಡಿಕಲ್ ಶಾಪ್ ಬಾಜೂಕ ಐತ್ರಿ” ಎನ್ನುತ್ತಾನೆ. ಹೀಗಾಗಿ ಆನ್‌ಲೈನೇ ಗತಿ, ಇಲ್ಲವೇ ಬೆಂಗಳೂರಿಗೆ ಹೋಗಿ ಬರುವ ಅಳಿಯನ ಕಾಲು ಹಿಡಿಯಬೇಕು. ರಬ್ಬರ್ ಹಾಳೆ ಬೇರೆ, ಮರದ ಬ್ಲೇಡ್ ಬೇರೆ, ಅಂಟು ಬೇರೆ. ಹಾಳೆ ತರಿಸಿಕೊಂಡ ಮೇಲೆ ಅದರ ಬುಡದಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯ ಮುದ್ರೆ ಇದೆಯೇ ನೋಡಿ. ಮುದ್ರೆ ಇಲ್ಲದ್ದನ್ನು ಅಂಟಿಸಿಕೊಂಡು ಟೂರ್ನಮೆಂಟಿಗೆ ಹೋದರೆ ರೆಫರಿ ಬ್ಯಾಟನ್ನು ಒಳಗೇ ಬಿಡುವುದಿಲ್ಲ. ಮುದ್ರೆಯ ಜಾಗವನ್ನು ಹಿಡಿಕೆಯ ಕಡೆಗೇ ಬರುವಂತೆ ಅಂಟಿಸಬೇಕು. ಅಂದ ಕೆಡುತ್ತದೆಂದು ಕತ್ತರಿಸಿ ಬಿಸಾಕುವ ಪುಣ್ಯಾತ್ಮರಿದ್ದಾರೆ.

ಬ್ಯಾಕ್‌ಹ್ಯಾಂಡಿನ ಕಡ್ಡಿಗೆ ಬರೋಣ. ಇಲ್ಲೇ ಪಂಥದಲ್ಲಿ ಒಳಪಂಗಡಗಳು ಹುಟ್ಟುವುದು. ಮೊದಲ ಜಗಳ ಸ್ಪಾಂಜಿನದು. ಕೆಳಗೆ ಸ್ಪಾಂಜ್ ಇಲ್ಲದೆ ಬರೀ ಮುಳ್ಳಿನ ಹಾಳೆಯನ್ನು ಮರಕ್ಕೆ ಅಂಟಿಸಿದರೆ ಎದುರಾಳಿಯ ಸ್ಪಿನ್ ಹೆಚ್ಚು ಉಲ್ಟಾ ಆಗುತ್ತದೆ, ಚೆಂಡು ಗಾಳಿಯಲ್ಲಿ ತೂರಾಡುತ್ತದೆ, ಮೇಜಿನ ಬಳಿ ನಿಂತು ಅಡ್ಡ ಹಿಡಿಯುವವರಿಗೆ ಹಬ್ಬ. ಆದರೆ ದೂರ ನಿಂತು ಚಾಪ್ ಮಾಡುವವನಿಗೆ ಚೆಂಡು ಬ್ಯಾಟಿನ ಮೇಲೆ ಒಂದು ಕ್ಷಣ ನಿಲ್ಲಬೇಕು, ತನ್ನದೂ ಒಂದಿಷ್ಟು ಬ್ಯಾಕ್‌ಸ್ಪಿನ್ ಸೇರಿಸಬೇಕು. ಅದಕ್ಕೆ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನಷ್ಟು ತೆಳು ಸ್ಪಾಂಜ್ ಬೇಕು. ಅದಕ್ಕಿಂತ ದಪ್ಪಗಾದರೆ ಸ್ಪಾಂಜೇ ಚೆಂಡನ್ನು ಒದ್ದು ಕಳಿಸಲು ಶುರು ಮಾಡುತ್ತದೆ.

ಯಾವುದು ನಿಮಗೆ ಎಂಬುದನ್ನು ನಿಮ್ಮ ಪ್ರತಿಭೆ ತೀರ್ಮಾನಿಸುವುದಿಲ್ಲ. ನಿಮ್ಮ ಹಾಲಿನ ಗೋಡೆ ತೀರ್ಮಾನಿಸುತ್ತದೆ. ಅಂತರರಾಷ್ಟ್ರೀಯ ಪಂದ್ಯಕ್ಕೆ ಒಂದು ಮೇಜಿಗೆ 14 ಮೀಟರ್ ಉದ್ದದ ಅಂಗಳ ಕೊಡುತ್ತಾರೆ. ಮೇಜಿನ ಉದ್ದ 2.74 ಮೀಟರ್. ನಮ್ಮಲ್ಲಿ ಮೇಜಿನ ಹಿಂದೆ ಒಂದು ಕಡೆ ಕೇರಂ ಬೋರ್ಡು, ಇನ್ನೊಂದು ಕಡೆ ಯಾರೋ ದಾನಿಗಳು ಕೊಟ್ಟ ಗಾಡ್ರೇಜ್ ಕಪಾಟು, ಅದರ ಮೇಲೆ 1980ರ ದಶಕದಿಂದ ಧೂಳು ತಿನ್ನುತ್ತಿರುವ ಷೀಲ್ಡುಗಳು. ನಾಲ್ಕು ಹೆಜ್ಜೆ ಹಿಂದೆ ಹೋದರೆ ಬೆನ್ನಿಗೆ ಕಪಾಟು ತಾಗುತ್ತದೆ. ಅಂಥಲ್ಲಿ ಜೂ ಸೆ-ಹ್ಯೂಕ್‌ನಂತೆ ನೆಲದ ಹತ್ತಿರದಿಂದ ಚಾಪ್ ಮಾಡುತ್ತೇನೆಂದು ದುಬಾರಿ ಸ್ಪಾಂಜಿನ ಕಡ್ಡಿ ತರಿಸಿದರೆ ಲಾಭ ಕಪಾಟು ರಿಪೇರಿ ಮಾಡುವವನಿಗೆ. ಜಾಗ ಇಲ್ಲದವರು ಸ್ಪಾಂಜ್ ಇಲ್ಲದ್ದು ಹಾಕಿಕೊಂಡು ಮೇಜಿನ ಬಳಿಯೇ ನಿಂತು ತಡೆಯಿರಿ. ಕಲ್ಯಾಣ ಮಂಟಪದಷ್ಟು ಹಾಲು ಸಿಕ್ಕವರು ತೆಳು ಸ್ಪಾಂಜಿನದು ಹಾಕಿ ಹಿಂದಕ್ಕೆ ಹೋಗಿ.

ಹೆಸರುಗಳನ್ನು ಕೇಳುತ್ತೀರಿ, ಗೊತ್ತು. ಇಷ್ಟು ಹೊತ್ತು ಓದಿದ್ದೇ ಅದಕ್ಕೆ. ಬಟರ್‌ಫ್ಲೈ ಕಂಪನಿಯ ಫೀಂಟ್ ಲಾಂಗ್ ಟು ಸಾಧು ಪ್ರಾಣಿ: ಹೇಳಿದ ಮಾತು ಕೇಳುತ್ತದೆ, ಎದುರಿನವನಿಗೆ ತೊಂದರೆ ಕಡಿಮೆ, ನಿಮಗೂ ತೊಂದರೆ ಕಡಿಮೆ. ಅದರ ತಮ್ಮ ಫೀಂಟ್ ಲಾಂಗ್ ತ್ರೀ ಸ್ವಲ್ಪ ತುಂಟ. ಕರ್ಲ್ ಪಿ ಒನ್ ಆರ್ ಎಂಬುದು ಜೂ ಸೆ-ಹ್ಯೂಕ್ ಬಳಸಿದ ರಬ್ಬರು. ಉದ್ದ ಮುಳ್ಳು, ಚಾಪಿನಲ್ಲಿ ಸ್ಪಿನ್ ಜಾಸ್ತಿ. ಕೈ ಪಳಗಿರದಿದ್ದರೆ ಯಜಮಾನನನ್ನೇ ಕಚ್ಚುತ್ತದೆ. ಜರ್ಮನಿಯ ಟಿಬಾರ್‌ನವರ ಗ್ರಾಸ್ ಡಿ ಟೆಕ್ಸ್ ಸ್ಪಾಂಜ್ ಇಲ್ಲದೆ ಮೇಜಿನ ಬಳಿ ಆಡುವವರ ಮುದ್ದು. ಚೀನಾದ 755, 388ಡಿ-1 ಅಗ್ಗ, ಕೆಟ್ಟರೂ ಹೊಟ್ಟೆಯುರಿ ಕಡಿಮೆ. ನನ್ನನ್ನು ಕೇಳಿದರೆ ಕಲಿಯುವವರು ಫೀಂಟ್ ಲಾಂಗ್ ಟು ಅಥವಾ 755 ಹಿಡಿಯಲಿ. ಉಳಿದವನ್ನು ಯೂಟ್ಯೂಬಿನಲ್ಲಿ ನೋಡಿ ಆನಂದಿಸಲಿ.

ರಾಣೆಬೆನ್ನೂರಿನ ಸಾಹುಕಾರರಿಗೆ ಈ ಮಾತು ಹಿಡಿಸುವುದಿಲ್ಲ. ಅವರದು ಬೀಜದ ವ್ಯಾಪಾರ. ಹಂಗಾಮಿಗೊಂದು ಹೊಸ ತಳಿ ಬರಬೇಕು ಎಂಬುದು ಅವರ ರಕ್ತದಲ್ಲೇ ಇದೆ. ಮುಂಗಾರಿಗೆ ಒಂದು ರಬ್ಬರು, ಹಿಂಗಾರಿಗೆ ಇನ್ನೊಂದು. ಪಾರ್ಸೆಲ್ ಬಂದ ದಿನ ಪ್ಯಾಕೆಟ್ಟಿನ ಹಿಂದೆ ಬರೆದದ್ದನ್ನು ಎಲ್ಲರಿಗೂ ಓದಿ ಹೇಳುತ್ತಾರೆ: ವೇಗ ಇಷ್ಟು, ಸ್ಪಿನ್ ಇಷ್ಟು, ಕಂಟ್ರೋಲ್ ಇಷ್ಟು. ಬೀಜದ ಪ್ಯಾಕೆಟ್ಟಿನ ಮೇಲೆ ಬರೆದ ಇಳುವರಿಯನ್ನು ರೈತ ಎಷ್ಟು ನಂಬಬೇಕು ಎಂದು ಅವರನ್ನು ಕೇಳಿದರೆ ನಕ್ಕುಬಿಡುತ್ತಾರೆ. ರಬ್ಬರಿನ ಪ್ಯಾಕೆಟ್ಟಿನ ಮೇಲಿನ ಅಂಕಿಯನ್ನು ಮಾತ್ರ ಶಾಸನವೆಂದು ನಂಬುತ್ತಾರೆ. ಆ ಅಂಕಿಗಳನ್ನು ಕಂಪನಿಗಳೇ ತಮ್ಮ ತಮ್ಮ ಅಳತೆಯಲ್ಲಿ ಕೊಟ್ಟುಕೊಂಡಿರುವುದು. ಒಬ್ಬರ ಹತ್ತಕ್ಕೂ ಇನ್ನೊಬ್ಬರ ಹತ್ತಕ್ಕೂ ನೆಂಟಸ್ತಿಕೆ ಇಲ್ಲ.

ಸಾಹುಕಾರರ ಇನ್ನೊಂದು ಸಾಹಸ ಫೋರ್‌ಹ್ಯಾಂಡಿನದು. ಜೂ ಸೆ-ಹ್ಯೂಕ್ ಟೆನರ್ಜಿ 64 ಹಾಕುತ್ತಿದ್ದನೆಂದು ಯಾರೋ ಕಿವಿಯಲ್ಲಿ ಊದಿದರು. ತರಿಸಿದರು. ಅದರ ಬೆಲೆಗೆ ರೆಡಿಮೇಡ್ ಬ್ಯಾಟು ಒಂದು ಡಜನ್ ಬಂದಾವು. ಮೊದಲ ಸಂಜೆ ಚಾಪ್ ಮಾಡಿದ ಚೆಂಡುಗಳೆಲ್ಲ ಮೇಜು ದಾಟಿ, ಎದುರಿನವನ ತಲೆ ದಾಟಿ, ಕಿಟಕಿ ದಾಟಿ ಹಳೇ ಪಿ.ಬಿ. ರಸ್ತೆಯ ಕಡೆ ಪ್ರಯಾಣ ಬೆಳೆಸಿದವು. ಆ ರಬ್ಬರಿನ ಸ್ಪಾಂಜ್ ಚಿಮ್ಮುವುದಕ್ಕೇ ಹುಟ್ಟಿದ್ದು. ವೇಗವಾಗಿ ಬಂದ ಚೆಂಡನ್ನು ಅದರಿಂದ ಕತ್ತರಿಸಿ ಮೇಜಿನೊಳಗೆ ಇಳಿಸಬೇಕಾದರೆ ಚಿಕ್ಕಂದಿನಿಂದ ದಿನಕ್ಕೆ ಆರು ತಾಸು ಆಡಿದ ಕೈ ಬೇಕು. ಸಾಹುಕಾರರ ಕೈ ಚಿಕ್ಕಂದಿನಿಂದ ಎಣಿಸಿದ್ದು ನೋಟು.

ಹಾಗಾದರೆ ಫೋರ್‌ಹ್ಯಾಂಡಿಗೆ ಏನು? ಮೂರು ದಾರಿ ಇವೆ. 1960ರ ದಶಕದ ಕೊನೆಗೆ ಬಂದು ಇನ್ನೂ ಅಂಗಡಿಯಲ್ಲಿ ಉಳಿದಿರುವ ಸ್ರೈವರ್, ಮಾರ್ಕ್ ಫೈವ್‌ನಂಥ ಹಳೆ ತಲೆಗಳು: ಹದವಾದ ವೇಗ, ಚಾಪಿಗೂ ಸೈ, ಹೊಡೆತಕ್ಕೂ ಸೈ. ಎರಡನೆಯದು ಚೀನಾದ ಅಂಟುಮೈಯ ರಬ್ಬರುಗಳು, 729, ಹರಿಕೇನ್ ಥರದವು. ಚೆಂಡು ಹತ್ತಿ ಕೂತಂತಾಗಿ ಚಾಪಿಗೂ ಸರ್ವ್‌ಗೂ ಭಾರೀ ಸ್ಪಿನ್ ಕೊಡುತ್ತವೆ. ಟ್ಯಾಕಿನೆಸ್ ಚಾಪ್ ಎಂದು ಡಿಫೆಂಡರುಗಳಿಗಾಗಿಯೇ ಮಾಡಿದ ನಿಧಾನದ ರಬ್ಬರೂ ಉಂಟು. ಮೂರನೆಯದು ಸಾಹುಕಾರರ ದಾರಿ, ಅದು ನೇರ ಪಿ.ಬಿ. ರಸ್ತೆಗೆ ಹೋಗುತ್ತದೆಂದು ಆಗಲೇ ಹೇಳಿದೆ. ಯಾವುದೇ ಇರಲಿ, ಸ್ಪಾಂಜ್ ಒಂದೂವರೆ ಮಿಲಿಮೀಟರಿನಿಂದ 1.8ರ ಒಳಗಿರಲಿ. ಅದಕ್ಕಿಂತ ತೆಳುವಾದರೆ ಹೊಡೆತಕ್ಕೆ ಜೀವವಿಲ್ಲ. ಹೊಡೆತವಿಲ್ಲದ ಡಿಫೆಂಡರ್ ಎಂದರೆ ಪ್ರಾಗ್‌ನ ಮಹಾತ್ಮರ ಸಂತತಿ.

ಅಂಟುಮೈಯ ರಬ್ಬರಿಗೆ ಬ್ಯಾಡಗಿಯಲ್ಲಿ ಒಂದು ವಿಶೇಷ ಕಂಟಕವಿದೆ. ಜನವರಿಯಿಂದ ಮಾರ್ಚ್‌ವರೆಗೆ ಊರಿಗೆ ಊರೇ ಮೆಣಸಿನಕಾಯಿಯಿಂದ ಕೆಂಪಾಗಿರುತ್ತದೆ, ಗಾಳಿಯಲ್ಲೇ ಘಾಟು. ಆ ದಿನಗಳಲ್ಲಿ ಎದುರಿನವನು ಸೀನುವುದನ್ನೇ ಕಾದು ಸರ್ವ್ ಮಾಡುವ ನೀಚರೂ ಇದ್ದಾರೆ. ಸಣ್ಣ ಕೆಂಪು ಧೂಳು ರಬ್ಬರಿಗೆ ಹತ್ತಿತೆಂದರೆ ಅಂಟೂ ಇಲ್ಲ, ಸ್ಪಿನ್ನೂ ಇಲ್ಲ. ಆಡಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿಡಬೇಕು. ಒರೆಸಿದ ಕೈಯಲ್ಲಿ ಕಣ್ಣು ತಿಕ್ಕಿಕೊಳ್ಳಬಾರದು. ಖಾರ ಕಡಿಮೆ ಎಂದೆನೇ ಹೊರತು ಇಲ್ಲವೆಂದಿಲ್ಲ. ಮುಳ್ಳಿನ ಕಡೆಯದಕ್ಕೆ ಮೆದು ಬ್ರಷ್ ಸಾಕು. ಆದರೆ ಬೆಳಕಿಗೆ ಹಿಡಿದು ಬುಡ ಸೀಳಿದ ಮುಳ್ಳು ಇದೆಯೇ ನೋಡುತ್ತಿರಿ. ನಡುಮಧ್ಯದಲ್ಲಿ ಮುಳ್ಳು ಉದುರಿದ ರಬ್ಬರನ್ನು ರೆಫರಿ ತಿರಸ್ಕರಿಸಬಹುದು.

ಇತ್ತೀಚೆಗೆ ಇನ್ನೊಂದು ಕಾಟ. ಕಾಲೇಜು ಹುಡುಗರು ಬಂದು “ಮಣಿಕಾ ರಬ್ಬರ್ ಬೇಕ್ರಿ ಅಂಕಲ್” ಎನ್ನುತ್ತಾರೆ. ಮಣಿಕಾ ಬಾತ್ರಾ 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಚಿನ್ನ ಗೆದ್ದಾಗ ಬ್ಯಾಕ್‌ಹ್ಯಾಂಡಿನಲ್ಲಿ ಇದ್ದದ್ದು ಲಾಂಗ್ ಪಿಂಪಲ್ಸೇ, ನಿಜ. ಆದರೆ ಆಕೆ ಡಿಫೆಂಡರ್ ಅಲ್ಲ. ಮೇಜಿಗೆ ಅಂಟಿಕೊಂಡು ನಿಂತು, ಮುಳ್ಳಿನಿಂದ ಎದುರಾಳಿಯ ವೇಗ ಕೊಂದು, ಬ್ಯಾಟು ತಿರುವಿ ಹೊಡೆಯುವವಳು. ಐಹಿಕಾ ಮುಖರ್ಜಿ 2024ರ ಫೆಬ್ರವರಿಯಲ್ಲಿ ಬುಸಾನ್‌ನಲ್ಲಿ ವಿಶ್ವದ ನಂಬರ್ ಒನ್ ಸುನ್ ಯಿಂಗ್‌ಶಾಳನ್ನು ಸೋಲಿಸಿದ್ದೂ ಇಂಥದೇ ಎಡವಟ್ಟು ರಬ್ಬರಿನ ನೆರವಿನಿಂದ. ಚೀನಾದ ಡೆಂಗ್ ಯಾಪಿಂಗ್ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದದ್ದೂ ಬ್ಯಾಕ್‌ಹ್ಯಾಂಡಿನಲ್ಲಿ ಕಡ್ಡಿ ಇಟ್ಟುಕೊಂಡೇ. ಇವರ್ಯಾರೂ ಹಿಂದಕ್ಕೆ ಸರಿದು ಚಾಪ್ ಮಾಡುವ ಪೈಕಿ ಅಲ್ಲ. ಅದೇ ಮೆಣಸಿನಕಾಯಿ, ಬೇರೆ ಅಡುಗೆ.

ಇನ್ನು ಗುಟ್ಟಿನ ವಿಷಯ. ಲಾಂಗ್ ಪಿಂಪಲ್ಸಿನ ಬಲವೆಲ್ಲ ಎದುರಿನವನ ಅಜ್ಞಾನದಲ್ಲಿದೆ. ಹಿಂದೆ ಎರಡೂ ಮುಖಕ್ಕೆ ಒಂದೇ ಬಣ್ಣದ ರಬ್ಬರ್ ಹಾಕಿ, ಮೇಜಿನ ಕೆಳಗೆ ಬ್ಯಾಟು ತಿರುವಿ, ಯಾವ ಮುಖದಿಂದ ಚೆಂಡು ಬಂತೆಂದು ತಿಳಿಯದ ಹಾಗೆ ಆಡುತ್ತಿದ್ದರು. 1986ರಿಂದ ಒಂದು ಮುಖ ಕೆಂಪು, ಒಂದು ಕಪ್ಪು ಎಂದಾಯಿತು. 2021ರಿಂದ ಕೆಂಪಿನ ಬದಲು ಗುಲಾಬಿ, ನೇರಳೆ, ಹಸಿರು, ನೀಲಿಯೂ ಆದೀತು. ಕಪ್ಪು ಮಾತ್ರ ಕಡ್ಡಾಯ. ಪ್ಯಾರಿಸ್ಸಿನಲ್ಲಿ ದಿನಕ್ಕೊಬ್ಬ ಹೊಸ ಎದುರಾಳಿ ಸಿಗುತ್ತಾನೆ, ಗುಟ್ಟು ಸ್ವಲ್ಪ ದಿನ ನಡೆದೀತು. ಬ್ಯಾಡಗಿಯಲ್ಲಿ ನಿಮ್ಮ ಎದುರಾಳಿಗಳು ಯಾರು? ನಿನ್ನೆ ಆಡಿದವರೇ. ನಾಳೆಯೂ ಅವರೇ. ಎದುರಾಳಿಯನ್ನು ಕಾಡಿಸಲೆಂದು ತಂದ ರಬ್ಬರು ಯುಗಾದಿಗೆ ಬಂದರೆ ಕಾರಹುಣ್ಣಿಮೆಯೊಳಗೆ ಊರಿಗೆಲ್ಲ ಅರ್ಥವಾಗಿರುತ್ತದೆ. ಆಮೇಲೆ ಅವರು ಸ್ಪಿನ್ನೇ ಇಲ್ಲದ ಚೆಂಡು ಕೊಡುತ್ತಾರೆ. ಬಡಿಸಲು ಖಾರವೇ ಇರುವುದಿಲ್ಲ. ಮೇಲಾಗಿ 2014ರಿಂದ ಪ್ಲಾಸ್ಟಿಕ್ ಚೆಂಡು. ಸೆಲ್ಯುಲಾಯ್ಡ್ ಚೆಂಡಿನಷ್ಟು ಸ್ಪಿನ್ ಅದಕ್ಕೆ ಹತ್ತುವುದಿಲ್ಲ, ಆದ್ದರಿಂದ ಉಲ್ಟಾ ಆಗಿ ಬರುವುದೂ ಕಡಿಮೆ. ಡಿಫೆಂಡರುಗಳು ಹಿಂದಿಗಿಂತ ಹೆಚ್ಚು ಹೊಡೆಯಬೇಕಾಗಿ ಬಂದದ್ದಕ್ಕೆ ಈ ಚೆಂಡೂ ಒಂದು ಕಾರಣ.

ಆದ್ದರಿಂದ ಅಂಗಡಿಯ ಪುಟ ತೆರೆದು ಕೂತವರು “ಇದರಿಂದ ಎದುರಿನವನಿಗೆ ಎಷ್ಟು ತೊಂದರೆ?” ಎಂದು ಕೇಳಬೇಡಿ, “ಇದರಿಂದ ಹತ್ತರಲ್ಲಿ ಎಷ್ಟು ಚೆಂಡು ನಾನು ಮೇಜಿನ ಮೇಲೆ ಹಾಕಬಲ್ಲೆ?” ಎಂದು ಕೇಳಿ. ಹಾವೇರಿಯ ನಮ್ಮ ನಿವೃತ್ತ ಹೆಡ್‌ಮಾಸ್ತರರು ಈ ಪ್ರಶ್ನೆಯನ್ನೂ ಕೇಳಿದವರಲ್ಲ. ಅವರ ಬ್ಯಾಟಿನ ಎರಡೂ ಕಡೆ ಇರುವುದು ಸರ್ವೀಸಿನಲ್ಲಿದ್ದಾಗ ಅಂಟಿಸಿದ ರಬ್ಬರು. ಹಿಡಿತವೆಲ್ಲ ಸತ್ತು ಕನ್ನಡಿಯ ಹಾಗೆ ಹೊಳೆಯುತ್ತದೆ. ಹಾಗೆ ಸತ್ತ ರಬ್ಬರು ಸ್ಪಿನ್ನಿಗೆ ಮಣಿಯುವುದಿಲ್ಲ. ಅಂಥದನ್ನೇ ಕಂಪನಿಗಳು ‘ಆಂಟಿ ಸ್ಪಿನ್’ ಎಂಬ ಹೆಸರಿಟ್ಟು ಹೊಸದಾಗಿ ಮಾಡಿ ಮಾರುತ್ತವೆ. ಮಾಸ್ತರರು ಕಾಲಕ್ರಮದಲ್ಲಿ ಪುಕ್ಕಟೆ ಪಡೆದರು. ರಾಣೆಬೆನ್ನೂರಿನ ಸಾಹುಕಾರರು ಪ್ರತಿ ಹಂಗಾಮಿನ ಹೊಸ ತಳಿಯೊಂದಿಗೆ ಹಾವೇರಿಗೆ ಬಂದು ಇವರ ಕೈಲಿ ಸೋತು, ಏಲಕ್ಕಿ ಹಾರದ ಊರಿನ ಚಹಾ ಕುಡಿದು, ಮರಳುತ್ತಾರೆ. ಹೋಗುವಾಗ ಮಾಸ್ತರರ ಬ್ಯಾಟು ಮುಟ್ಟಿ ಕೇಳುತ್ತಾರೆ: “ಸರ್, ಇದು ಯಾವ ಕಂಪನೀದ್ರಿ?”

ನನ್ನ ತೀರ್ಪು ಇಷ್ಟು. ಐದು ಪದರದ ನಿಧಾನದ ಮರದ ಬ್ಲೇಡ್, ಫೋರ್‌ಹ್ಯಾಂಡಿಗೆ ಮಾರ್ಕ್ ಫೈವ್ ಅಥವಾ ಸ್ರೈವರ್, ಬ್ಯಾಕ್‌ಹ್ಯಾಂಡಿಗೆ ತೆಳು ಸ್ಪಾಂಜಿನ ಫೀಂಟ್ ಲಾಂಗ್ ಟು. ಬೆನ್ನ ಹಿಂದೆ ಕಪಾಟಿದ್ದರೆ ಸ್ಪಾಂಜ್ ಇಲ್ಲದ ಕಡ್ಡಿ. ಒಂದು ವರ್ಷ ಏನನ್ನೂ ಬದಲಿಸಬೇಡಿ, ಸಾಹುಕಾರರು ಎಷ್ಟೇ ಆಸೆ ತೋರಿಸಲಿ. ಇಷ್ಟಾಗಿ ಪರೀಕ್ಷೆ ಮಾಡಿಕೊಳ್ಳಬೇಕೆನಿಸಿದರೆ ಬ್ಯಾಡಗಿಗೆ ಬನ್ನಿ. ಸೋಮವಾರ, ಗುರುವಾರ ಮಾತ್ರ ಬೇಡ. ಅವತ್ತು ಪೇಟೆಯಲ್ಲಿ ಮೆಣಸಿನಕಾಯಿ ಟೆಂಡರ್, ಪೀಠಾಧಿಪತಿಗಳು ಸಿಗುವುದಿಲ್ಲ. ಬಂದವರು ಆಟಕ್ಕೆ ಮುಂಚೆ ಬ್ಯಾಟನ್ನು ಎದುರಾಳಿಯ ಕೈಗೆ ಕೊಡಿ. ನೋಡಲು ಕೇಳಿದರೆ ಕೊಡಲೇಬೇಕು, ನಿಯಮ ಹಾಗಿದೆ. ಮೂಸಿ ನೋಡಿದರೆ ಬೇಜಾರು ಮಾಡಿಕೊಳ್ಳಬೇಡಿ.